ಆಟಿಸಂಗೆ ಫಂಕ್ಷನಲ್ ಮೆಡಿಸಿನ್ ಪ್ಯಾಕೇಜೋ, ಥೆರಪಿಯೋ? ಕೊಡಗಿನ ಅಪ್ಪ ಅಮ್ಮಂದಿರಿಗೆ ಒಂದು ಹೋಲಿಕೆ

ನಮ್ಮ ಮಗನಿಗೆ ಆಟಿಸಂ ಇದೆ ಅಂತ ಗೊತ್ತಾದಾಗ ಅವನಿಗೆ ಎರಡು ವರ್ಷ ಎಂಟು ತಿಂಗಳು. ಆ ವಾರದಲ್ಲೇ ಮೂರು ಕಡೆಯಿಂದ ಮೂರು ಥರದ ಮಾತು ಬಂತು. ಮೈಸೂರಿನ ಅಕ್ಕ ಸ್ಪೀಚ್ ಥೆರಪಿ ಶುರು ಮಾಡು ಅಂದಳು. ನಾದಿನಿ ಒಂದು ವಿಡಿಯೊ ಕಳಿಸಿದಳು. ಅದರಲ್ಲಿದ್ದ ಡಾಕ್ಟರು, ಆಟಿಸಂನ ಬೇರು ಹೊಟ್ಟೆಯಲ್ಲಿದೆ, ಹೊಟ್ಟೆ ಸರಿಯಾದರೆ ಮಾತು ತಾನಾಗೇ ಬರುತ್ತದೆ ಅನ್ನುತ್ತಿದ್ದರು. ನಮ್ಮತ್ತೆ, "ಇವನಪ್ಪನೂ ಮಾತಾಡಿದ್ದು ನಾಲ್ಕು ವರ್ಷಕ್ಕೇ. ಮಗೂನ ಸುಮ್ನೆ ಬಿಡು" ಅಂದರು.

ಈಗ ಅವನಿಗೆ ಏಳು. ನಾವು ಥೆರಪಿಯನ್ನೂ ಮಾಡಿಸಿದ್ದೇವೆ, ಫಂಕ್ಷನಲ್ ಮೆಡಿಸಿನ್ ಪ್ಯಾಕೇಜನ್ನೂ ಆರು ತಿಂಗಳು ನಡೆಸಿದ್ದೇವೆ. ಮಾದಾಪುರದ ಆಚೆ ಸಣ್ಣ ಕಾಫಿ ತೋಟದ ಮನೆ ನಮ್ಮದು. ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕುಯ್ಲು ಮುಗಿದ ಮೇಲೆ. ಆ ದುಡ್ಡನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಅಂತ ಅವತ್ತು ಯಾರಾದರೂ ನನ್ನನ್ನು ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕಾದು ನೋಡುವ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಸರು ಕರೆದರೆ ತಿರುಗದ, ಬೆರಳು ತೋರಿಸದ, ಬಂದಿದ್ದ ನಾಲ್ಕು ಮಾತನ್ನೂ ಬಿಟ್ಟ ಮಗುವನ್ನು ಕಾಯಿಸಬೇಡಿ. ಮೊದಲು ಕಿವಿ ಪರೀಕ್ಷೆ, ಆಮೇಲೆ ಬೆಳವಣಿಗೆಯ ಪರೀಕ್ಷೆ. ತಡವಾಗಿ ಮಾತಾಡಿದ ಅಪ್ಪಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಆದರೆ ಪರೀಕ್ಷೆ ಮಾಡಿಸಿದ್ದರಿಂದ ಯಾವ ಮಗುವಿಗೂ ತೊಂದರೆ ಆಗಿಲ್ಲ.

ಫಂಕ್ಷನಲ್ ಮೆಡಿಸಿನ್ ಅಂದರೆ ಏನು ಕೊಡುತ್ತಾರೆ?

ರೋಗದ ಹೆಸರು ಬಿಡಿ, ಅದರ ಮೂಲ ಕಾರಣ ಹುಡುಕೋಣ ಅನ್ನುವುದು ಇವರ ಮಾತು. ಅಮೆರಿಕದಲ್ಲಿ ಜೆಫ್ರಿ ಬ್ಲಾಂಡ್ ಮತ್ತು ಅವರ ಜೊತೆಯವರು 1991ರಲ್ಲಿ ಇದಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಆಟಿಸಂ ವಿಷಯದಲ್ಲಿ ಇದೇ ಜಾಡಿನ ಇನ್ನೊಂದು ಗುಂಪೂ ಇತ್ತು. 1995ರಲ್ಲಿ ಶುರುವಾದ 'ಡಿಫೀಟ್ ಆಟಿಸಂ ನೌ' ಗುಂಪು ಅದು. ಆಹಾರ ಪಥ್ಯ, ವಿಟಮಿನ್, ಲೋಹ ತೆಗೆಯುವುದು, ಎಲ್ಲ ಅಲ್ಲಿಯೂ ಇದ್ದವು. 2011ರಲ್ಲಿ ಆ ಹೆಸರಿನ ಕಾರ್ಯಕ್ರಮ ನಿಂತಿತು. ಪಟ್ಟಿ ಮಾತ್ರ ನಿಲ್ಲಲಿಲ್ಲ. ನನಗೆ ಬಂದ ಪ್ಯಾಕೇಜಿನ ಹಾಳೆಯಲ್ಲೂ ಅದೇ ಪಟ್ಟಿ ಇತ್ತು. ನಮ್ಮ ದೇಶದಲ್ಲಿ ಇದು ಮಕ್ಕಳ ವೈದ್ಯಶಾಸ್ತ್ರದ ಹಾಗೆ ಮಾನ್ಯತೆ ಪಡೆದ ಪ್ರತ್ಯೇಕ ವಿಭಾಗ ಅಲ್ಲ. ಕೆಲವರು ಎಂಬಿಬಿಎಸ್ ಓದಿದ ಡಾಕ್ಟರು, ಕೆಲವರು ಬರೀ ಆನ್‌ಲೈನ್ ಕೋರ್ಸ್ ಮಾಡಿದವರು. ಫೋನಿನ ಪರದೆಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಆದರೂ ಜನ ಯಾಕೆ ಹೋಗುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲ ಕರೆಯಲ್ಲಿ ನಮಗೆ ಪ್ಯಾಕೇಜು ಕೊಟ್ಟ ಫಂಕ್ಷನಲ್ ಮೆಡಿಸಿನ್‌ನಾಕೆ ಒಂದೂವರೆ ಗಂಟೆ ನನ್ನ ಮಾತು ಕೇಳಿದರು. ಬಸಿರಲ್ಲಿ ಏನಾಯಿತು, ಮಗು ರಾತ್ರಿ ಎಷ್ಟು ಸಲ ಏಳುತ್ತದೆ, ಕಕ್ಕ ಹೇಗಿರುತ್ತದೆ, ಏನೇನು ತಿನ್ನುತ್ತದೆ, ಎಲ್ಲ. ಅಷ್ಟರವರೆಗೆ ಯಾವ ಆಸ್ಪತ್ರೆಯಲ್ಲೂ ಯಾರೂ ಅವನ ಹೊಟ್ಟೆ ಬಗ್ಗೆ ಕೇಳಿರಲಿಲ್ಲ. ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ. ಆ ಒಂದೂವರೆ ಗಂಟೆಗೆ ಬೆಲೆ ಇದೆ. ಅದರ ನಂತರ ಏನು ಮಾರುತ್ತಾರೆ ಅನ್ನುವುದನ್ನು ಮಾತ್ರ ಬೇರೆಯಾಗಿ ತೂಗಬೇಕು.

ಪಥ್ಯ: ನಮ್ಮ ಅಡುಗೆಮನೆಯಲ್ಲಿ ಇದರ ಲೆಕ್ಕವೇ ಬೇರೆ

ಎಲ್ಲ ಪ್ಯಾಕೇಜಿನಲ್ಲೂ ಮೊದಲು ಬರುವುದು ಗೋಧಿ ಮತ್ತು ಹಾಲು ಬಿಡಿಸುವುದು. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಮಿದುಳಿಗೆ ತೊಂದರೆ ಕೊಡುತ್ತವೆ ಅನ್ನುವುದು ವಾದ. ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ ಅಧ್ಯಯನಗಳು ಚಿಕ್ಕವು. ಆಟಿಸಂನ ಲಕ್ಷಣಗಳಲ್ಲಿ ನಂಬಬಹುದಾದ ಬದಲಾವಣೆ ಅವುಗಳಲ್ಲಿ ಕಂಡಿಲ್ಲ. ಕೆಲವು ಮಕ್ಕಳಿಗೆ ಹಾಲು ಒಗ್ಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಅಂಥವರಿಗೆ ಬಿಟ್ಟರೆ ಹಾಯೆನಿಸುತ್ತದೆ, ನಿದ್ದೆಯೂ ಸುಧಾರಿಸಬಹುದು. ಅದು ಹೊಟ್ಟೆ ಸರಿಹೋಗಿದ್ದರಿಂದ.

ನಗರದವರಿಗೆ ಗೋಧಿ ಬಿಡುವುದು ದೊಡ್ಡ ಖರ್ಚು. ನಮಗಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ, ಇಲ್ಲವೇ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ). ಮಧ್ಯಾಹ್ನ ಅನ್ನ. ರಾಗಿಯೂ ಇದೆ. ಕೊಡಗಿನ ಹಳೇ ಊಟದಲ್ಲಿ ಗೋಧಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗೋಧಿ ಬರುವುದು ಬಿಸ್ಕತ್ತು, ಬ್ರೆಡ್ಡು, ಚಪಾತಿ, ಪ್ಯಾಕೆಟ್ ನೂಡಲ್ಸ್‌ನಿಂದ. ನನಗೆ ಪ್ಯಾಕೇಜಿನಲ್ಲಿ ಗ್ಲುಟೆನ್ ಇಲ್ಲದ ಹಿಟ್ಟು ಅಂತ ಕೊರಿಯರ್‌ನಲ್ಲಿ ಬಂತು. ಚೀಲ ಬಿಚ್ಚಿ ಹಿಂದೆ ಬರೆದಿದ್ದನ್ನು ಓದಿದೆ. ಮೊದಲ ಹೆಸರೇ ಅಕ್ಕಿ ಹಿಟ್ಟು. ಮನೆಯ ಡಬ್ಬದಲ್ಲಿ ಇರುವುದೇ ಅದು ಅಲ್ವಾ?

ಹಾಗಾಗಿ ಗೋಧಿ ಬಿಟ್ಟು ನೋಡಬೇಕು ಅನ್ನಿಸಿದರೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ. ಆದರೆ ಬಿಡುವ ಮುಂಚೆ ಒಂದು ಕೆಲಸ ಮಾಡಿ. ಮಗುವಿಗೆ ಬೇಧಿ, ಹೊಟ್ಟೆ ಉಬ್ಬರ ಇದ್ದರೆ, ತೂಕ ಏರದಿದ್ದರೆ ಸೀಲಿಯಾಕ್, ಅಂದರೆ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿ. ಅದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಬೇಕು. ಬಿಟ್ಟ ಮೇಲೆ ಮಾಡಿದರೆ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು. ನಾವು ಇದು ಗೊತ್ತಿಲ್ಲದೆ ಮೊದಲೇ ಬಿಡಿಸಿ, ಆಮೇಲೆ ಪರೀಕ್ಷೆಗೋಸ್ಕರ ಮತ್ತೆ ಗೋಧಿ ಕೊಡಬೇಕಾಯಿತು.

ಹಾಲಿನ ವಿಷಯ ಇಷ್ಟು ಸುಲಭವಲ್ಲ. ನಮ್ಮ ಮಗ ಆಗ ತಿನ್ನುತ್ತಿದ್ದದ್ದೇ ಐದು: ಹಾಲು, ಕಡಂಬುಟ್ಟು, ಮೊಸರನ್ನ, ಬಾಳೆಹಣ್ಣು, ಒಂದೇ ಕಂಪನಿಯ ಬಿಸ್ಕತ್ತು. ಕಡಂಬುಟ್ಟಿನ ಮೇಲೆ ಕಾಯಿತುರಿಯ ಒಂದು ಎಳೆ ಕಂಡರೂ ತಟ್ಟೆ ತಳ್ಳುತ್ತಿದ್ದ. ಇಂಥ ಮಗುವಿನ ತಟ್ಟೆಯಿಂದ ಹಾಲು ಮೊಸರು ತೆಗೆದರೆ ಇನ್ನೇನು ಉಳಿಯಿತು? ಆಟಿಸಂ ಇರುವ ಹುಡುಗರ ಮೂಳೆ ತೆಳುವಾಗಿರುವುದು, ಅದರಲ್ಲೂ ಹಾಲು ಬಿಟ್ಟವರಲ್ಲಿ ಇನ್ನೂ ತೆಳುವಾಗಿರುವುದು ಅಮೆರಿಕದ ಒಂದು ಅಧ್ಯಯನದಲ್ಲಿ ಕಂಡಿದೆ. ಹಾಲು ಬಿಡಿಸುವುದಾದರೆ ಮಕ್ಕಳ ಡಾಕ್ಟರಿಗೆ ಹೇಳಿಯೇ ಬಿಡಿಸಿ. ನಾಲ್ಕರಿಂದ ಆರು ವಾರ ನೋಡಿ. ಏನು ಬದಲಾಗಬೇಕು ಅಂತ ಮೊದಲೇ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಅದು ಬದಲಾಗದಿದ್ದರೆ ಹಾಲು ವಾಪಸ್ ಕೊಡಿ.

ಪರೀಕ್ಷೆಗಳು ಮತ್ತು ಬಾಟಲಿಗಳು

ನಮ್ಮ ದುಡ್ಡು ಜಾಸ್ತಿ ಹೋಗಿದ್ದು ಇಲ್ಲಿ. ಆರು ತಿಂಗಳಲ್ಲಿ 70 ಸಾವಿರ ದಾಟಿತು.

ಯಾವ ಆಹಾರ ಒಗ್ಗುವುದಿಲ್ಲ ಅಂತ ನೋಡಲು ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪರೀಕ್ಷೆ ಮಾಡಿದರು. ವರದಿಯಲ್ಲಿ ಅವನು ತಿನ್ನುವ ಐದರಲ್ಲಿ ಮೂರು ಕೆಂಪು. ನಾನು ಹೆದರಿ ಎರಡು ದಿನ ಅವನಿಗೆ ಏನು ಕೊಡಬೇಕೆಂದೇ ತಿಳಿಯದೆ ಒದ್ದಾಡಿದೆ. ಆಮೇಲೆ ನಮ್ಮ ಮಕ್ಕಳ ಡಾಕ್ಟರು ಬಿಡಿಸಿ ಹೇಳಿದರು. ಐಜಿಜಿ ಇದ್ದರೆ ಆ ಆಹಾರವನ್ನು ದೇಹ ಕಂಡಿದೆ ಅಂತ ಅರ್ಥ, ಒಗ್ಗುವುದಿಲ್ಲ ಅಂತಲ್ಲ. ಯಾವುದನ್ನು ದಿನಾ ತಿನ್ನುತ್ತಾನೋ ಅದೇ ಕೆಂಪಾಗುತ್ತದೆ. ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಈ ಪರೀಕ್ಷೆ ಮಾಡಿಸಬೇಡಿ ಅಂತಲೇ ಹೇಳಿವೆ. ಕೂದಲಿನ ಲೋಹ ಪರೀಕ್ಷೆಯನ್ನೂ ಆಟಿಸಂಗೆ ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ. ಇನ್ನೊಂದು ಇದೆ: ಮೊದಲು ಲೋಹ ಎಳೆಯುವ ಔಷಧಿ ಕೊಟ್ಟು ಆಮೇಲೆ ಮೂತ್ರ ಪರೀಕ್ಷೆ ಮಾಡುವುದು. ಆ ಔಷಧಿ ಕುಡಿದರೆ ಯಾರ ಮೂತ್ರದಲ್ಲಾದರೂ ಲೋಹ ಜಾಸ್ತಿಯೇ ಬರುತ್ತದೆ. ಔಷಧಿಯ ಕೆಲಸವೇ ಅದು.

ಬಾಟಲಿಗಳ ಕಥೆ ನಮ್ಮ ಮನೆಯದೇ. ಒಟ್ಟು ಒಂಬತ್ತು ಬಂದಿದ್ದವು. ಒಂದು ರಾತ್ರಿ ಮಗ ಮಲಗಿದ ಮೇಲೆ ಎಲ್ಲವನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಮ್ಮವರು ಟಾರ್ಚ್ ಹಿಡಿದರು, ನಾನು ಸಣ್ಣ ಅಕ್ಷರ ಓದಿದೆ. ಡ್ರಾಪ್ಸ್‌ನಲ್ಲಿ ವಿಟಮಿನ್ ಡಿ. ಕ್ಯಾಲ್ಸಿಯಂ ಸಿರಪ್‌ನಲ್ಲೂ ಡಿ. ಮಲ್ಟಿವಿಟಮಿನ್ ಪುಡಿಯಲ್ಲೂ ಡಿ. ಮೂರನ್ನೂ ಬರೆದುಕೊಟ್ಟವರು ಒಬ್ಬರೇ, ಕೂಡಿಸಿ ನೋಡಿದವರು ಯಾರೂ ಇಲ್ಲ. ವಿಟಮಿನ್ ಡಿ ವಿಪರೀತ ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಿ6 ದೊಡ್ಡ ಪ್ರಮಾಣದಲ್ಲಿ ಬಹಳ ದಿನ ಕೊಟ್ಟರೆ ನರಗಳು ಹಾಳಾಗುತ್ತವೆ. ಮಾರನೇ ದಿನ ಫೋನ್ ಮಾಡಿ ಕೇಳಿದರೆ "ಅದು ನ್ಯಾಚುರಲ್, ಏನೂ ಆಗಲ್ಲ" ಅಂದರು. ಅವತ್ತೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಏಳು ಬಾಟಲಿ ನಿಲ್ಲಿಸಿದೆವು.

ಕೊಡಬಾರದು ಅಂತಲ್ಲ, ಕೊರತೆ ಇದ್ದರೆ ಕೊಡಬೇಕು. ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಐದೇ ಪದಾರ್ಥ ತಿನ್ನುವ ಮಗುವಿಗೆ ಕಬ್ಬಿಣ ಕಡಿಮೆ ಇರುವ ಸಾಧ್ಯತೆ ಇನ್ನೂ ಜಾಸ್ತಿ. ಕಬ್ಬಿಣ ಕಡಿಮೆಯಾದರೆ ನಿದ್ದೆ ಕೆಡುತ್ತದೆ, ರಾತ್ರಿ ಕಾಲು ಒದರುತ್ತಾರೆ, ಗಮನ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಥೈರಾಯ್ಡ್. ಇಷ್ಟನ್ನು ನಮ್ಮೂರಿನ ಮಕ್ಕಳ ಡಾಕ್ಟರೇ ಬರೆದುಕೊಡುತ್ತಾರೆ. ನಮ್ಮವನಿಗೆ ಕಬ್ಬಿಣ ತೀರಾ ಕಡಿಮೆ ಇತ್ತು. ದುಬಾರಿ ವರದಿಯ ಇಪ್ಪತ್ತು ಪುಟಗಳಲ್ಲಿ ಫೆರಿಟಿನ್ ಇರಲೇ ಇಲ್ಲ.

ಈಗ ಲ್ಯುಕೊವೊರಿನ್ ಅಂದರೆ ಫೋಲಿನಿಕ್ ಆಸಿಡ್ ಮಾತ್ರೆಯ ಸುದ್ದಿ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ. ಆಟಿಸಂನಲ್ಲಿ ಅದರ ಮೇಲೆ ಆಗಿರುವ ಪ್ರಯೋಗಗಳು ಇನ್ನೂ ಚಿಕ್ಕವು. ಕುತೂಹಲ ಇದ್ದರೆ ಮಕ್ಕಳ ನರರೋಗ ತಜ್ಞರನ್ನು ಕೇಳಿ. ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ.

ಕೇಳಿದ ತಕ್ಷಣ ಎದ್ದು ಬರಬೇಕಾದ ಚಿಕಿತ್ಸೆಗಳು

ಇಲ್ಲಿ ಹೋಲಿಕೆ ಬೇಕಿಲ್ಲ. ಕೀಲೇಶನ್, ಅಂದರೆ ಔಷಧಿ ಕೊಟ್ಟು ಮೈಯಿಂದ ಲೋಹ ತೆಗೆಯುವುದು: 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಇದರಲ್ಲೇ ತೀರಿಕೊಂಡ. ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಆಮ್ಲಜನಕದ ಒತ್ತಡದ ಕೊಠಡಿ: 2025ರ ಜನವರಿಯಲ್ಲಿ ಮಿಷಿಗನ್‌ನಲ್ಲಿ ಇಂಥ ಕೊಠಡಿಗೆ ಬೆಂಕಿ ಹತ್ತಿ ಐದು ವರ್ಷದ ಮಗುವೊಂದು ಹೋಯಿತು. ಬ್ಲೀಚ್ ಥರದ ದ್ರವ ಕುಡಿಸುವುದು ಚಿಕಿತ್ಸೆಯೇ ಅಲ್ಲ, ವಿಷ. ಸ್ಟೆಮ್ ಸೆಲ್ ವಿಷಯದಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನಿಯಮ ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮಾಮೂಲಿ ಚಿಕಿತ್ಸೆಯಾಗಿ ಒಪ್ಪುವುದಿಲ್ಲ. ಆಟಿಸಂಗೆ ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಹೇಳಿದೆ. ಲಕ್ಷಗಟ್ಟಲೆ ಕೇಳುತ್ತಾರೆ. ಇದಕ್ಕೆ ತೋಟ ಅಡವಿಡಬೇಡಿ.

ಲಸಿಕೆಯ ಮಾತೂ ಇದೇ ಜೊತೆ ಬರುತ್ತದೆ. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ್ದ 1998ರ ಲೇಖನವನ್ನು ಅದನ್ನು ಅಚ್ಚು ಹಾಕಿದ್ದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ನೋಡಿದರೂ ಅಂಥ ನಂಟು ಸಿಗಲಿಲ್ಲ. ಎರಡನೇ ಮಗುವಿನ ಲಸಿಕೆ ತಪ್ಪಿಸಬೇಡಿ.

ಥೆರಪಿಯ ದಾರಿ: ದೂರ ಇದೆ, ಆದರೆ ಮನೆಯಲ್ಲೇ ಅರ್ಧ ಇದೆ

ನಮಗೆಲ್ಲ ದೊಡ್ಡ ಆಸರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ 'ಐಶ್'. 1965ರಿಂದ ಇದೆ. ಕೇಂದ್ರ ಸರ್ಕಾರದ್ದು, ಖರ್ಚು ಕಡಿಮೆ. ಕಿವಿ, ಮಾತು, ಮನಶ್ಶಾಸ್ತ್ರ ಎಲ್ಲ ಒಂದೇ ಆವರಣದಲ್ಲಿ ನೋಡುತ್ತಾರೆ. ತೊಂದರೆ ಅಂದರೆ ದಾರಿ. ಮಡಿಕೇರಿಯಿಂದ 120 ಕಿಲೋಮೀಟರ್. ಬೆಳಿಗ್ಗೆ ಕತ್ತಲಲ್ಲೇ ಹೊರಡಬೇಕು. ತಿರುವಿನಲ್ಲಿ ಮಗು ವಾಂತಿ ಮಾಡುತ್ತದೆ. ಜುಲೈ ಮಳೆಯಲ್ಲಿ ಬಸ್ಸು ಬರುತ್ತದೋ ಇಲ್ಲವೋ. ವಾರಕ್ಕೆ ಎರಡು ಸಲ ಥೆರಪಿ ಅಂತ ಬರೆದುಕೊಟ್ಟರೆ ನಮ್ಮಿಂದ ಸಾಧ್ಯವೇ?

ಈ ಕಾರಣಕ್ಕೇ ಎಷ್ಟೋ ಜನ ಆನ್‌ಲೈನ್ ಪ್ಯಾಕೇಜಿನ ಕಡೆ ತಿರುಗುತ್ತಾರೆ. ಬಾಟಲಿ ಮನೆ ಬಾಗಿಲಿಗೆ ಬರುತ್ತದೆ, ಥೆರಪಿಸ್ಟ್ ಬರುವುದಿಲ್ಲ. ಆದರೆ ಥೆರಪಿ ಅಂದರೆ ಆ ಮುಕ್ಕಾಲು ಗಂಟೆ ಮಾತ್ರ ಅಲ್ಲ ಅಂತ ನನಗೆ ತಡವಾಗಿ ತಿಳಿಯಿತು. ಗೋವಾ ಮತ್ತು ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ಒಂದು ಪ್ರಯೋಗ ನಡೆದಿದೆ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು, ಅವರು ಅಪ್ಪ ಅಮ್ಮಂದಿರಿಗೆ ಕಲಿಸಿದರು. ಆಟದ ನಡುವೆ ಮಗುವನ್ನು ಹೇಗೆ ಗಮನಿಸಬೇಕು, ಯಾವಾಗ ಕಾಯಬೇಕು, ಯಾವಾಗ ಮಾತು ಸೇರಿಸಬೇಕು ಅಂತ. ಮಕ್ಕಳು ತಾವಾಗಿಯೇ ಸಂಪರ್ಕ ಶುರು ಮಾಡುವುದು ಹೆಚ್ಚಾಯಿತು.

ನಾವು ಮಾಡಿಕೊಂಡ ಏರ್ಪಾಡು ಇದು. ತಿಂಗಳಿಗೊಮ್ಮೆ ಮೈಸೂರು. ನಡುವೆ ಎರಡು ವಿಡಿಯೊ ಕರೆ, ಕರೆಂಟು ಮತ್ತು ನೆಟ್‌ವರ್ಕ್ ಇದ್ದರೆ. ಉಳಿದ ದಿನ ಮನೆಯಲ್ಲಿ ನಾನೇ. ಥೆರಪಿಸ್ಟ್ ಹೇಳಿದ ಹಾಗೆ ಅವನ ಐದು ತಿಂಡಿಗಳ ಫೋಟೊ ತೆಗೆದು ಕಾರ್ಡು ಮಾಡಿದೆ. ಕಾರ್ಡು ಕೊಟ್ಟರೆ ತಿಂಡಿ. ಹಬೆ ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ ನಾನು ಅದರ ಮೇಲೆ ಕೈ ಇಟ್ಟು ಸುಮ್ಮನೆ ಕಾಯುತ್ತಿದ್ದೆ. ಒಂದು, ಎರಡು, ಮೂರು... ಹತ್ತರವರೆಗೆ ಮನಸ್ಸಲ್ಲೇ ಎಣಿಸುವುದು. ಹನ್ನೊಂದನೇ ವಾರ ಅವನು ಕಾರ್ಡು ಹಿಡಿದು ಬಂದ. ನನ್ನ ಮುಖ ನೋಡಿದ. "ಟು" ಅಂದ. ಕಡಂಬುಟ್ಟಿನ ಕೊನೆಯ ಅಕ್ಷರ ಅದು. ಕಾರ್ಡು ಕೊಟ್ಟರೆ ಮಗು ಮಾತೇ ಕಲಿಯುವುದಿಲ್ಲ ಅಂತ ಹೆದರಿಸುತ್ತಾರೆ. ಹಾಗಾಗುವುದಿಲ್ಲ.

ಥೆರಪಿಯಲ್ಲೂ ಕೆಟ್ಟದ್ದು ಇದೆ, ಮುಚ್ಚಿಡುವುದಿಲ್ಲ. ಬಾಗಿಲು ಹಾಕಿಕೊಂಡು, ನಮ್ಮನ್ನು ಹೊರಗೆ ಕೂರಿಸಿ, ಮಗು ಅತ್ತರೂ ಕುರ್ಚಿಯಲ್ಲಿ ಹಿಡಿದು ಕೂರಿಸುವ ಕಡೆ ನಾವೂ ಹೋಗಿದ್ದೆವು. ಎರಡೇ ಸಲ. ಒಳಗೆ ಬಿಡದ, ಮನೆಯಲ್ಲಿ ಏನು ಮಾಡಬೇಕೆಂದು ಹೇಳದ ಥೆರಪಿಗೆ ದುಡ್ಡು ಕೊಡಬೇಡಿ. ಇಂತಿಷ್ಟು ತಿಂಗಳಲ್ಲಿ ಆಟಿಸಂ ಹೋಗುತ್ತದೆ ಅನ್ನುವ ಥೆರಪಿಸ್ಟೂ ಪ್ಯಾಕೇಜು ಮಾರುವವರಿಗಿಂತ ಬೇರೆಯಲ್ಲ.

ಹೊಟ್ಟೆಯ ವಿಷಯ: ಎರಡೂ ಕಡೆಯವರು ಹೇಳಿದ್ದರಲ್ಲಿ ಸರಿ ಯಾವುದು

ಆಟಿಸಂ ಇರುವ ಮಕ್ಕಳಿಗೆ ಮಲಬದ್ಧತೆ, ಹೊಟ್ಟೆನೋವು ಬೇರೆ ಮಕ್ಕಳಿಗಿಂತ ಜಾಸ್ತಿ. ಇದು ನಿಜ. ನಮ್ಮವನು ನಾಲ್ಕೈದು ದಿನಕ್ಕೊಮ್ಮೆ ಕಕ್ಕ ಮಾಡುತ್ತಿದ್ದ. ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು, ಕಾಲು ಕತ್ತರಿ ಹಾಕಿ, ಮುಖ ಕೆಂಪು ಮಾಡಿಕೊಳ್ಳುತ್ತಿದ್ದ. ಅದನ್ನು ನಾವು ಆಟಿಸಂನ ಚೇಷ್ಟೆ ಅಂದುಕೊಂಡಿದ್ದೆವು. ನೋವಿಗೆ ಹೆದರಿ ಅವನು ಅದನ್ನು ತಡೆದುಕೊಳ್ಳುತ್ತಿದ್ದ. ಮಕ್ಕಳ ಡಾಕ್ಟರು ಮಲ ಮೆದುವಾಗುವ ಔಷಧಿ ಕೊಟ್ಟರು, ತಿಂಗಳುಗಟ್ಟಲೆ ನಿಲ್ಲಿಸಬೇಡಿ ಅಂದರು. ಮೂರು ವಾರದಲ್ಲಿ ತಲೆ ಚಚ್ಚಿಕೊಳ್ಳುವುದು ಅರ್ಧಕ್ಕಿಳಿಯಿತು. ರಾತ್ರಿ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಬೆಳಿಗ್ಗೆಯ ಕಾರ್ಡಿನ ಆಟಕ್ಕೆ ಕೂತ.

ಹೊಟ್ಟೆ ನೋಡಿ ಅಂತ ಮೊದಲು ಹೇಳಿದ್ದು ಫಂಕ್ಷನಲ್ ಮೆಡಿಸಿನ್‌ನವರೇ. ಆ ಋಣ ನನಗಿದೆ. ಆದರೆ ಅದನ್ನು ವಾಸಿ ಮಾಡಿದ್ದು ನೂರಿನ್ನೂರು ರೂಪಾಯಿಯ ಮಾಮೂಲಿ ಔಷಧಿ. ಅವನ ಆಟಿಸಂ ಈಗಲೂ ಇದೆ. ನೋವು ಹೋಗಿದೆ.

ಯಾರಿಗೆ ಯಾವುದು?

ಮಗುವಿಗೆ ಮೂರು ವರ್ಷದೊಳಗೆ ಇದ್ದರೆ ಒಂದು ದಿನವೂ ಯೋಚಿಸಬೇಡಿ, ಮಾತಿನ ಥೆರಪಿ ಮೊದಲು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡಕ್ಕೆ ತೋರಿಸಿದರೂ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ತೋಟದ ಲೈನ್ ಮನೆಯಲ್ಲಿದ್ದು ಕೂಲಿಗೆ ಹೋಗುವವರಿಗೆ ನನ್ನ ಮೊದಲ ಸಲಹೆ ಇದೇ. ಸುಂಟಿಕೊಪ್ಪದ 'ಸ್ವಸ್ಥ' ವಿಶೇಷ ಶಾಲೆಯನ್ನೂ ವಿಚಾರಿಸಿ. ಅದು ಹತ್ತಿರದಲ್ಲೇ ಇದೆ.

ಮಗುವಿಗೆ ಫಿಟ್ಸ್ ಇದ್ದರೆ, ಅಥವಾ ಕಲಿತದ್ದೆಲ್ಲ ಬಿಟ್ಟುಹೋಗುತ್ತಿದ್ದರೆ ಪಥ್ಯ, ಥೆರಪಿ ಎಲ್ಲಕ್ಕಿಂತ ಮೊದಲು ಮಕ್ಕಳ ನರರೋಗ ತಜ್ಞರು ಅಥವಾ ಬೆಂಗಳೂರಿನ ನಿಮ್ಹಾನ್ಸ್. ದೂರ ಅಂತ ಮುಂದೂಡಬೇಡಿ. ಆಟಿಸಂ ಅಲ್ಲದೆ ಬರೀ ಗಮನದ ಕೊರತೆ, ಅತಿ ಚಟುವಟಿಕೆ ಅಂತಿದ್ದರೂ ಲೆಕ್ಕ ಇದೇ. ಶಾಲೆಗೆ ಹೋಗುವ ವಯಸ್ಸಿನವರಿಗೆ ಒಳ್ಳೆಯ ಪರೀಕ್ಷೆಗೆ ಒಳಗಾದ ಔಷಧಿಗಳಿವೆ, ಪಥ್ಯದ ಹಿಂದೆ ವರ್ಷ ಕಳೆಯಬೇಡಿ.

ಥೆರಪಿ ನಡೆಯುತ್ತಿದೆ, ಆದರೂ ನಿದ್ದೆ ಇಲ್ಲ, ಊಟ ಇಲ್ಲ, ಹೊಟ್ಟೆ ಸರಿಯಿಲ್ಲ ಅಂದರೆ ಮಕ್ಕಳ ಡಾಕ್ಟರ ಹತ್ತಿರ ಬರೀ ಇದಕ್ಕಾಗಿಯೇ ಒಂದು ಸಲ ಹೋಗಿ. ಜ್ವರದ ಜೊತೆ ಸೇರಿಸಿ ಕೇಳಬೇಡಿ. ಜನ ಕಡಿಮೆ ಇರುವ ಹೊತ್ತು ಯಾವುದೆಂದು ಕಾಂಪೌಂಡರನ್ನು ಕೇಳಿಕೊಂಡು ಹೋಗಿ. ಇಷ್ಟಾದ ಮೇಲೂ ಫಂಕ್ಷನಲ್ ಮೆಡಿಸಿನ್ ಡಾಕ್ಟರನ್ನು ನೋಡಬೇಕು ಅನ್ನಿಸಿದರೆ ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ವೈದ್ಯಕೀಯ ನೋಂದಣಿ ಸಂಖ್ಯೆ ಏನು? ಔಷಧಿ ನಿಮ್ಮಿಂದಲೇ ಕೊಳ್ಳಬೇಕಾ? ಈ ಪರೀಕ್ಷೆಯ ಫಲ ಏನೇ ಬಂದರೂ ಚಿಕಿತ್ಸೆ ಒಂದೇನಾ? ಥೆರಪಿ ನಿಲ್ಲಿಸಬೇಕಾ? ಕೊನೆಯ ಪ್ರಶ್ನೆಗೆ ಹೌದು ಅಂದರೆ ಫೋನ್ ಇಟ್ಟುಬಿಡಿ.

ದುಡ್ಡಿನ ಕಡೆ ಎರಡು ಮಾತು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಇದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ, ಸಂಕೋಚ ಬೇಡ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಅದರೊಳಗೆ ಬರುತ್ತದೆ. ಬಿಲ್ಲು ಎಲ್ಲ ಜೋಪಾನವಾಗಿಡಿ.

ಐಶ್‌ನ ಮೊದಲ ಭೇಟಿಗೆ ಮಳೆ ಹಿಡಿಯುವ ಮುಂಚೆಯೇ, ಏಪ್ರಿಲ್ ಮೇನಲ್ಲಿ ಹೊರಡುವುದು ಒಳ್ಳೆಯದು. ಫೋನಿನಲ್ಲಿ ಮಗುವಿನ ಒಂದೊಂದು ನಿಮಿಷದ ಮೂರು ವಿಡಿಯೊ ಇರಲಿ: ಆಡುವಾಗ, ಊಟ ಮಾಡುವಾಗ, ಹಟ ಮಾಡುವಾಗ. ಒಂದು ವಾರ ಏನು ತಿಂದ, ಎಷ್ಟು ಹೊತ್ತು ಮಲಗಿದ, ಯಾವಾಗ ಕಕ್ಕ ಮಾಡಿದ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಲ್ಲಿ ಕಾಯುವುದು ಇರುತ್ತದೆ, ಮಗು ತಿನ್ನುವ ತಿಂಡಿಯನ್ನು ಮನೆಯಿಂದಲೇ ಡಬ್ಬಿಗೆ ಹಾಕಿಕೊಳ್ಳಿ. ಈಗಾಗಲೇ ಏನಾದರೂ ಸಿರಪ್ಪು, ಪುಡಿ, ಡ್ರಾಪ್ಸ್ ಕೊಡುತ್ತಿದ್ದರೆ ಹೆಸರು ಬರೆದುಕೊಂಡು ಹೋದರೆ ಸಾಲದು, ಬಾಟಲಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.